ನಿಂತು ಕೇಳುವವರ ತಾಣ

ನಮ್ಮ ನಾಡಿನಿಂದ ಯೂರೋಪಿಗೆ ಹೋಗಿಬರುವವರ ಸಂಖ್ಯೆ ಈಗ ದೊಡ್ಡದು. ಉದ್ಯೋಗದ ನಿಮಿತ್ತ ಹೋದವರು, ಅಲ್ಲಿ ನೆಲಸಿದ ಮಕ್ಕಳನ್ನು ನೋಡಲೆಂದು ಹೋದವರು, ಕೇವಲ ದೇಶ ನೋಡುವ ಆಸೆಯಿಂದ ಹೋದವರು, ಹೀಗೆ ನಾನಾ ಬಗೆ. ಹಿಂದಿರುಗಿದವರ ಮಾತನ್ನು ಕೇಳಿದರೆ ಕೋಟೆ, ಅರಮನೆ, ಚಿತ್ರಶಾಲೆ, ಹಿಮದ ಬೆಟ್ಟ ಇವುಗಳ ವರ್ಣನೆಯೇ ಹೆಚ್ಚು. ಅದು ಕಣ್ಣಿನ ಯಾತ್ರೆ. ಮೋಟ್ಸಾರ್ಟನ ಊರಿಗೆ ಹೋಗಿ ಆತ ಹುಟ್ಟಿದ ಮನೆಯನ್ನು ನೋಡಿಬಂದವರು ಬಹಳ ಮಂದಿ. ಆತನ ಒಂದು ಕೃತಿಯನ್ನು ಅಲ್ಲಿ ಕುಳಿತು ಕೇಳಿಬಂದವರು ವಿರಳ. ಕಾರಣ ಕೇಳಿದರೆ ಉತ್ತರ ಸಾಮಾನ್ಯವಾಗಿ ಒಂದೇ: ಅದೆಲ್ಲ ಶ್ರೀಮಂತರ ಸಂಗೀತ, ಟಿಕೆಟ್ಟಿನ ಬೆಲೆ ನಮಗೆ ಎಟುಕುವುದಿಲ್ಲ, ಎಟುಕಿದರೂ ಸಿಗುವುದಿಲ್ಲ.

ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಆ ಅರ್ಧವನ್ನು ಮೊದಲು ನೋಡೋಣ. ನಮ್ಮವರು ಹೋಗುವುದು ಬಹುಮಟ್ಟಿಗೆ ಬೇಸಗೆಯ ರಜೆಯಲ್ಲಿ. ಅಲ್ಲಿಯ ಸಂಗೀತದ ಋತುವಾದರೋ ಸೆಪ್ಟೆಂಬರಿನಲ್ಲಿ ಆರಂಭವಾಗಿ ಜೂನ್ ತಿಂಗಳಲ್ಲಿ ಮುಗಿಯುತ್ತದೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ವಿಯೆನ್ನಾದ ರಾಷ್ಟ್ರೀಯ ಗೀತನಾಟಕ ಮಂದಿರದ ಬಾಗಿಲು ಮುಚ್ಚಿರುತ್ತದೆ. ಋತುವಿನಲ್ಲಿ ಹೋದರೆ ಇನ್ನೊಂದು ತೊಡಕು. ಒಳ್ಳೆಯ ವಾದ್ಯಮೇಳಗಳ ಆಸನಗಳನ್ನು ಊರಿನ ರಸಿಕರು ವರ್ಷವಿಡೀ ಚಂದಾ ಕೊಟ್ಟು ಕಾದಿರಿಸಿಕೊಂಡಿರುತ್ತಾರೆ. ವಿಯೆನ್ನಾ ಫಿಲ್‌ಹಾರ್ಮೋನಿಕ್ ಮೇಳದ ಚಂದಾದಾರನಾಗಲು ಹಲವು ವರ್ಷ ಸರದಿಯಲ್ಲಿ ಕಾಯಬೇಕು. ಹೀಗಿರಲಾಗಿ ಮೂರು ದಿನಕ್ಕೆ ಬಂದ ಪ್ರವಾಸಿಗೆ ಜಾಗವೆಲ್ಲಿ?

ಇಂಥವನಿಗಾಗಿಯೇ ವಿಯೆನ್ನಾದ ಬೀದಿಗಳಲ್ಲಿ ಮೋಟ್ಸಾರ್ಟನ ಕಾಲದ ನಿಲುವಂಗಿ ತೊಟ್ಟು, ಬಿಳಿಯ ಟೋಪನ್ ಕೂದಲು ಧರಿಸಿದ ತರುಣರು ಟಿಕೆಟ್ ಮಾರುತ್ತ ನಿಂತಿರುತ್ತಾರೆ. ಅವರು ಮಾರುವುದೆಲ್ಲ ಕೆಟ್ಟ ಸಂಗೀತವೆಂದು ನಾನು ಹೇಳಲಾರೆ. ಆದರೆ ಅದು ಪ್ರವಾಸಿಗೆಂದೇ ಬೇಯಿಸಿ ಬಡಿಸಿದ ಅಡುಗೆ. ಊರಿನವರು ಉಣ್ಣುವ ಊಟವಲ್ಲ. ಪರಸ್ಥಳದಲ್ಲಿ ಸಂಗೀತವನ್ನು ಅರಸುವವನು ಮೊದಲು ಕೇಳಬೇಕಾದ ಪ್ರಶ್ನೆ ‘ಪ್ರವಾಸಿಗಳಿಗೆ ಇಲ್ಲಿ ಏನಿದೆ?’ ಎಂಬುದಲ್ಲ, ‘ಈ ಊರಿನ ಬಡ ವಿದ್ಯಾರ್ಥಿ ಎಲ್ಲಿ ಸಂಗೀತ ಕೇಳುತ್ತಾನೆ?’ ಎಂಬುದು. ಈ ಪ್ರಶ್ನೆಗೆ ಪ್ರತಿಯೊಂದು ದೊಡ್ಡ ನಗರದಲ್ಲಿಯೂ ಒಂದು ಉತ್ತರವಿದೆ.

ವಿಯೆನ್ನಾದ ಉತ್ತರ, ನಿಲ್ಲುವ ಜಾಗ. 1869ರಲ್ಲಿ ಆರಂಭವಾದ ಅಲ್ಲಿಯ ಗೀತನಾಟಕ ಮಂದಿರ 1945ರ ಮಾರ್ಚಿಯಲ್ಲಿ ಬಾಂಬಿಗೆ ಸಿಕ್ಕಿ ಉರಿದುಹೋಯಿತು. ಮತ್ತೆ ಕಟ್ಟಿ, 1955ರ ನವೆಂಬರ್ 5ರಂದು ಬೇತೋವೆನ್ನನ ‘ಫಿಡೇಲಿಯೋ’ದೊಂದಿಗೆ ಬಾಗಿಲು ತೆರೆದರು. ಸೆರೆಯಾಳಿನ ಬಿಡುಗಡೆಯ ಕಥೆ ಅದು. ವಿದೇಶೀ ಸೇನೆಗಳು ಆಸ್ಟ್ರಿಯಾವನ್ನು ಬಿಟ್ಟು ತೆರಳಿ ಆಗ ಕೆಲವೇ ದಿನಗಳಾಗಿದ್ದವು. ಆ ಭವ್ಯಮಂದಿರದಲ್ಲಿ ನೂರಾರು ಯೂರೋ ಬೆಲೆಯ ಆಸನಗಳ ಹಿಂದೆ, ಮೇಲೆ, ನಿಂತು ಕೇಳುವ ನೂರಾರು ಮಂದಿಗೆ ಸ್ಥಳವಿದೆ. ಬೆಲೆ ಆಸನದ ಬೆಲೆಯ ಒಂದು ಸಣ್ಣ ಅಂಶ. ಟಿಕೆಟ್ ಮಾರುವುದು ಆ ದಿನವೇ. ಒಳಹೊಕ್ಕವನು ಎದುರಿಗಿರುವ ಕಂಬಿಗೆ ತನ್ನ ಕೊರಳುವಸ್ತ್ರವನ್ನು ಕಟ್ಟಿದರೆ ಆ ಸ್ಥಳ ಅವನದು. ಹೊರಗೆ ಹೋಗಿ ಬಂದರೂ ಅದನ್ನು ಯಾರೂ ಮುಟ್ಟುವುದಿಲ್ಲ. ಲಿಖಿತವಾದ ಕಾನೂನಿಗಿಂತ ಈ ಚಿಂದಿ ಬಟ್ಟೆಯ ಕಾನೂನು ಅಲ್ಲಿ ಹೆಚ್ಚು ಗಟ್ಟಿ. 1870ರಲ್ಲಿ ಕಟ್ಟಿದ ಮೂಜಿಕ್‌ಫೆರೈನಿನ ಸುವರ್ಣ ಸಭಾಂಗಣದಲ್ಲಿಯೂ ಹಿಂಭಾಗದಲ್ಲಿ ಹೀಗೆಯೇ ನಿಲ್ಲುವವರ ತಾಣವಿದೆ.

ಲಂಡನ್ನಿನ ಉತ್ತರ ಬೇಸಗೆಯ ಪ್ರವಾಸಿಗೆ ಇನ್ನೂ ಅನುಕೂಲವಾದದ್ದು. 1895ರಲ್ಲಿ ರಾಬರ್ಟ್ ನ್ಯೂಮನ್ ಎಂಬ ವ್ಯವಸ್ಥಾಪಕ, ಹೆನ್ರಿ ವುಡ್ ಎಂಬ ತರುಣ ನಿರ್ದೇಶಕನನ್ನು ಜೊತೆಗೆ ತೆಗೆದುಕೊಂಡು, ಕ್ವೀನ್ಸ್ ಹಾಲಿನಲ್ಲಿ ಅಡ್ಡಾಡುವವರ ಕಛೇರಿಗಳನ್ನು ಆರಂಭಿಸಿದ. ಪ್ರವೇಶಕ್ಕೆ ಒಂದು ಷಿಲ್ಲಿಂಗ್. ತಿನ್ನಬಹುದು, ಹೊಗೆ ಸೇದಬಹುದು, ನಿಂತು ಕೇಳಬಹುದು. ಮೊದಲು ಜನ ಬರಲಿ, ಕಿವಿ ತಾನಾಗಿ ಬೆಳೆಯುತ್ತದೆ ಎಂಬ ನಂಬಿಕೆ ಅವರದು. 1927ರಲ್ಲಿ ಬಿಬಿಸಿ ಈ ಹೊಣೆಯನ್ನು ಹೊತ್ತಿತು. 1941ರ ಮೇ ತಿಂಗಳಲ್ಲಿ ಕ್ವೀನ್ಸ್ ಹಾಲ್ ಬಾಂಬಿನಿಂದ ನಾಶವಾದಾಗ ಕಛೇರಿಗಳು ಅದೇ ವರ್ಷ ರಾಯಲ್ ಆಲ್ಬರ್ಟ್ ಹಾಲಿಗೆ ಬಂದವು. ಇಂದಿಗೂ ಜುಲೈ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ನಡೆಯುವ ಈ ‘ಪ್ರಾಮ್ಸ್’ ಉತ್ಸವದಲ್ಲಿ ವಾದ್ಯವೃಂದದ ನೇರ ಎದುರಿನ ನೆಲ ನಿಂತು ಕೇಳುವವರದು. ನಮ್ಮಲ್ಲಿ ಮುಂದಿನ ಸಾಲು ಗಣ್ಯರಿಗೆ ಮೀಸಲು. ಅಲ್ಲಿ ಅತ್ಯಂತ ಕಡಮೆ ಬೆಲೆ ಕೊಟ್ಟವನೇ ನಿರ್ದೇಶಕನ ಮುಖಕ್ಕೆ ಅತ್ಯಂತ ಹತ್ತಿರ!

ನಿಲ್ಲಲಾಗದ ಹಿರಿಯರಿಗೆ ಮಧ್ಯಾಹ್ನದ ಕಛೇರಿಗಳಿವೆ. ಇದರ ಹಿಂದೆಯೂ ಒಂದು ಕಥೆಯಿದೆ. 1939ರಲ್ಲಿ ಯುದ್ಧ ಆರಂಭವಾದಾಗ ಲಂಡನ್ನಿನ ಸಭಾಂಗಣಗಳು ಮುಚ್ಚಿದವು. ರಾಷ್ಟ್ರೀಯ ಚಿತ್ರಶಾಲೆಯ ಚಿತ್ರಗಳನ್ನು ರಕ್ಷಣೆಗಾಗಿ ದೂರಕ್ಕೆ ಸಾಗಿಸಿ ಗೋಡೆಗಳು ಬರಿದಾಗಿದ್ದವು. ಮೈರಾ ಹೆಸ್ ಎಂಬ ಪಿಯಾನೋ ವಿದುಷಿ ಆ ಬರಿಯ ಕೋಣೆಗಳಲ್ಲಿ ಊಟದ ಹೊತ್ತಿಗೆ ಸಂಗೀತ ನಡೆಸೋಣವೆಂದಳು. ಅಕ್ಟೋಬರ್ 10ರಂದು ಮೊದಲ ಕಛೇರಿ. ಪ್ರವೇಶಕ್ಕೆ ಒಂದು ಷಿಲ್ಲಿಂಗ್. ಬಾಂಬು ಬೀಳುತ್ತಿದ್ದಾಗ ನೆಲಮಾಳಿಗೆಗೆ ಇಳಿದು ನುಡಿಸಿದರು. ಆರೂವರೆ ವರ್ಷಗಳಲ್ಲಿ ಸುಮಾರು 1,700 ಕಛೇರಿಗಳು ನಡೆದವು. ಜರ್ಮನಿಯ ವಿಮಾನಗಳು ತಲೆಯ ಮೇಲೆ ಹಾರುತ್ತಿದ್ದಾಗ ಜನ ಕುಳಿತು ಕೇಳಿದ್ದು ಬಹುಪಾಲು ಜರ್ಮನ್ ಭಾಷೆಯ ನಾಡುಗಳ ಸಂಗೀತವನ್ನೇ ಎಂಬುದನ್ನು ನೆನೆಯಬೇಕು. ಆ ಚಿತ್ರಶಾಲೆಯ ಪಕ್ಕದ ಸೇಂಟ್ ಮಾರ್ಟಿನ್ ದೇವಾಲಯ ಮಧ್ಯಾಹ್ನದ ಕಛೇರಿಗಳಿಗೆ ಇಂದೂ ಹೆಸರಾಗಿದೆ. ಆಮ್‌ಸ್ಟರ್‌ಡ್ಯಾಮಿನಲ್ಲಿ 1888ರಿಂದ ನಡೆಯುತ್ತಿರುವ ಕಾನ್ಸರ್ಟ್‌ಗೆಬೌ ಮಂದಿರದ ಬುಧವಾರದ ಮಧ್ಯಾಹ್ನದ ಉಚಿತ ಕಛೇರಿಗಳು ಊರಿಗೆಲ್ಲ ಪರಿಚಿತ.

ಇನ್ನು ದೇವಾಲಯಗಳು. ಲೈಪ್ಸಿಗ್ ನಗರದ ಸಂತ ತೋಮಸನ ದೇವಾಲಯದಲ್ಲಿ ಬಾಖ್ 1723ರಿಂದ 1750ರಲ್ಲಿ ಸಾಯುವವರೆಗೆ ಸಂಗೀತಾಚಾರ್ಯನಾಗಿದ್ದ. ಆತನ ಸಮಾಧಿ 1950ರಿಂದ ಅಲ್ಲಿಯೇ ಇದೆ. 1212ರಲ್ಲಿ ಹುಟ್ಟಿದ ಅಲ್ಲಿಯ ಬಾಲಕರ ಮೇಳ ಊರಿನಲ್ಲಿದ್ದಾಗ ಶುಕ್ರವಾರ ಸಂಜೆ, ಶನಿವಾರ ಅಪರಾಹ್ನ ಪ್ರಾರ್ಥನಾಗೀತಗಳನ್ನು ಹಾಡುತ್ತದೆ. ಕಾರ್ಯಕ್ರಮದ ಹಾಳೆಗೆ ತೆರುವ ಅಲ್ಪ ಹಣವೇ ಪ್ರವೇಶದ ಶುಲ್ಕ. ಕೇಂಬ್ರಿಜ್ಜಿನ ಕಿಂಗ್ಸ್ ಕಾಲೇಜಿನ ಸಂಜೆಯ ಪ್ರಾರ್ಥನೆಗೆ ಅದೂ ಇಲ್ಲ. ಇವು ಕಛೇರಿಗಳಲ್ಲ, ಪೂಜೆಗಳು, ಚಪ್ಪಾಳೆ ಸಲ್ಲದು. ದೇವಸ್ಥಾನದ ನಾಗಸ್ವರವನ್ನು ಕೇಳಿ ಬೆಳೆದ ನಮಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ.

ಕೆಲವು ವ್ಯಾವಹಾರಿಕ ಸೂಚನೆಗಳು. ಹೊರಡುವ ಮುನ್ನವೇ ಆಯಾ ಸಭಾಂಗಣದ ಸ್ವಂತ ಅಂತರಜಾಲ ತಾಣದಲ್ಲಿ ದಿನಾಂಕಗಳನ್ನು ನೋಡಿಕೊಳ್ಳಬೇಕು. ಮಧ್ಯವರ್ತಿಗಳಲ್ಲಿ ಬೆಲೆ ಏರುತ್ತದೆ. ಊರು ಸೇರಿದ ಮೇಲೆ ಬೀದಿಯಲ್ಲಿ ನಿಂತ ದುಂಡನೆಯ ಜಾಹೀರಾತು ಕಂಬಗಳನ್ನು ಓದಬೇಕು. 1855ರಲ್ಲಿ ಬರ್ಲಿನ್ನಿನ ಮುದ್ರಕ ಎರ್ನ್‌ಸ್ಟ್ ಲಿಟ್‌ಫಾಸ್ ಆರಂಭಿಸಿದ ಈ ಕಂಬಗಳ ಮೇಲೆ ಅಂತರಜಾಲದಲ್ಲಿ ಕಣ್ತಪ್ಪಿದ ಸಣ್ಣ ಕಛೇರಿಯೂ ಕಾಣಸಿಗುತ್ತದೆ. ಸಂಗೀತ ವಿದ್ಯಾಲಯಗಳ ನೋಟೀಸು ಹಲಗೆಯಲ್ಲಿ ವಿದ್ಯಾರ್ಥಿಗಳ ಕಛೇರಿಗಳ ಪಟ್ಟಿಯಿರುತ್ತದೆ. ಅವುಗಳಲ್ಲಿ ಅನೇಕವು ಉಚಿತ. ಎಲ್ಲವೂ ಮಾರಿಹೋಗಿದೆ ಎಂದರೂ ಎದೆಗುಂದಬೇಕಾಗಿಲ್ಲ. ಬರಲಾಗದ ಚಂದಾದಾರರು ಹಿಂದಿರುಗಿಸಿದ ಟಿಕೆಟ್ಟುಗಳು ಕೊನೆಯ ಗಳಿಗೆಯಲ್ಲಿ ಸಿಗುತ್ತವೆ. ಜರ್ಮನಿಯಲ್ಲಿ ‘ಟಿಕೆಟ್ ಬೇಕಾಗಿದೆ’ ಎಂದು ಕಾಗದದ ಮೇಲೆ ಬರೆದು ಹಿಡಿದು ಬಾಗಿಲ ಬಳಿ ನಿಲ್ಲುವುದು ಅವಮಾನವಲ್ಲ, ಸಂಪ್ರದಾಯ.

ಸಭೆಯ ಮರ್ಯಾದೆಯ ಬಗೆಗೂ ಒಂದು ಮಾತು. ನಮ್ಮ ರಸಿಕ ತೊಡೆಯ ಮೇಲೆ ತಾಳ ಹಾಕುತ್ತಾನೆ, ‘ಭೇಷ್’ ಎನ್ನುತ್ತಾನೆ. ಗಾಯಕನಿಗೆ ಅದು ಬೇಕು. ಅಲ್ಲಿ ಕೃತಿಯ ಎಲ್ಲ ಖಂಡಗಳೂ ಮುಗಿಯುವವರೆಗೆ ಮೌನವೇ ಮೆಚ್ಚುಗೆ. ಗುಸ್ತಾವ್ ಮಾಹ್ಲರ್ 1897ರಿಂದ 1907ರವರೆಗೆ ವಿಯೆನ್ನಾದ ಗೀತನಾಟಕ ಮಂದಿರದ ನಿರ್ದೇಶಕನಾಗಿದ್ದಾಗ ತಡವಾಗಿ ಬಂದವರನ್ನು ನಡುವೆ ಒಳಗೆ ಬಿಡುವ ಪದ್ಧತಿಗೆ ತಡೆ ಹಾಕಿದ. ಸಂಗೀತ ಅರ್ಥವಾಗುವುದೇ ಎಂಬ ಅಂಜಿಕೆ ಬೇಡ. ಕೇಳಬೇಕಾದ ಕೃತಿಯನ್ನು ಮನೆಯಲ್ಲಿ ಎರಡು ಬಾರಿ ಧ್ವನಿಮುದ್ರಿಕೆಯಲ್ಲಿ ಕೇಳಿಕೊಂಡು ಹೋದರೆ ಸಾಕು. ಸಭೆಯಲ್ಲಿ ಅದು ಪರಿಚಿತರಂತೆ ಎದುರುಗೊಳ್ಳುತ್ತದೆ.

ಇಷ್ಟೆಲ್ಲ ಹೇಳಿದ್ದು ಹಣ ಉಳಿಸುವ ಉಪಾಯವೆಂದಲ್ಲ. ಕಲೆಯನ್ನು ಪೋಷಿಸುವುದೆಂದರೆ ಕಲಾವಿದನಿಗೆ ಸಂಭಾವನೆ ಕೊಡುವುದಷ್ಟೇ ಅಲ್ಲ. ಹಣವಿಲ್ಲದ ಕಿವಿಗೆ ಒಂದು ಬಾಗಿಲನ್ನು ತೆರೆದಿಡುವುದೂ ಪೋಷಣೆಯೇ. ಈ ತತ್ತ್ವ ನಮಗೆ ಹೊಸದಲ್ಲ. ರಾಮೋತ್ಸವದ ಚಪ್ಪರದ ಹೊರಗೆ, ಮರದ ಕೆಳಗೆ, ಬೈಸಿಕಲ್ಲಿಗೆ ಒರಗಿ ನಿಂತು ಕಛೇರಿ ಕೇಳಿದ ಜನರಿಂದಲೇ ನಮ್ಮಲ್ಲಿ ರಸಿಕರ ತಲೆಮಾರುಗಳು ಬೆಳೆದವು. ಆ ನಿಲ್ಲುವ ತಾಣ ಕಿರಿದಾದರೆ ಸಂಗೀತವೇ ಕಿರಿದಾಗುತ್ತದೆ.

ಈ ಪೋಷಣೆಯಲ್ಲಿ ಕನ್ನಡನಾಡಿನ ಪಾಲೂ ಒಂದಿದೆ. ಮೈಸೂರಿನ ಜಯಚಾಮರಾಜ ಒಡೆಯರು ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ಪಾಶ್ಚಾತ್ಯ ಸಂಗೀತದಲ್ಲಿಯೂ ನಿಷ್ಣಾತರು. ಲಂಡನ್ನಿನಲ್ಲಿ ಮರೆವಿಗೆ ಸಂದಿದ್ದ ರಷ್ಯದ ಮೆಟ್ನರನ ಕೃತಿಗಳನ್ನು ಧ್ವನಿಮುದ್ರಿಸಲು ಅವರು ಹಣವಿತ್ತರು. ರಿಚರ್ಡ್ ಸ್ಟ್ರೌಸ್ 1949ರಲ್ಲಿ ತೀರಿಕೊಂಡಾಗ ಆತನ ಕೊನೆಯ ನಾಲ್ಕು ಗೀತಗಳನ್ನು ಯಾರೂ ಸಭೆಯಲ್ಲಿ ಕೇಳಿರಲಿಲ್ಲ. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಫುರ್ಟ್‌ವೆಂಗ್ಲರನ ನಿರ್ದೇಶನದಲ್ಲಿ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಅವುಗಳನ್ನು ಮೊದಲಬಾರಿ ಹಾಡಿದಾಗ, ಆ ಕಛೇರಿಯ ಖರ್ಚಿಗೆ ಭರವಸೆ ನಿಂತವರು ಒಡೆಯರೇ. ಅವರಿಗೆ ಆ ಸಂಜೆ ಅಲ್ಲಿರಲು ಸಾಧ್ಯವಾಗಲಿಲ್ಲ. ಧ್ವನಿಮುದ್ರಿಕೆ ಹಡಗಿನ ಹಾದಿ ಹಿಡಿದು ಮೈಸೂರಿಗೆ ಬಂತು.

ಮಹಾರಾಜರಿಗೆ ಅಂದು ದೊರೆಯದ ಆ ಸಭಾಂಗಣದ ನೆಲ ಇಂದು ಕೆಲವೇ ಪೌಂಡುಗಳಿಗೆ, ಸರದಿಯಲ್ಲಿ ನಿಲ್ಲುವ ತಾಳ್ಮೆಗೆ, ಯಾರಿಗೆ ಬೇಕಾದರೂ ದೊರೆಯುತ್ತದೆ. ಮುಂದೆ ಲಂಡನ್ನಿಗೆ ಹೋಗುವ ಮಿತ್ರರು ತಮ್ಮ ಪಟ್ಟಿಯಲ್ಲಿ ಅರಮನೆಯ ಪಹರೆ ಬದಲಾಗುವ ವೇಳೆಯೊಂದಿಗೆ ಈ ಸರದಿಯ ವೇಳೆಯನ್ನೂ ಬರೆದುಕೊಳ್ಳಲಿ.