ಎಲುಬಿನ ಬಾವೆಲ್ಲ ಕ್ಯಾನ್ಸರ್ ಅಲ್ಲ

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಸಾಲ, ಬೀಜ, ಗೊಬ್ಬರದ ಮಾತು ಬೇಕಾದಷ್ಟು ಕೇಳೀರಿ. ನಾನು ಎಲುಬಿನ ಬ್ಯಾನಿ ಬಗ್ಗೆ ನಾಲ್ಕು ಮಾತು ಹೇಳತೀನಿ. ಮೊಣಕಾಲ ಹತ್ತಿರ ಬಾವು ಬಂತು, ಎಕ್ಸ್-ರೇಯಲ್ಲಿ ಎಲುಬು ಸವೆದದ್ದು ಕಂಡಿತು ಅಂದರ ಸಾಕು, ಓಣಿ ತುಂಬ ‘ಕ್ಯಾನ್ಸರ್’ ಅಂತ ಸುದ್ದಿ ಹಬ್ಬತದ. ಕೆಲವರು ಹೊಲ ಮಾರಲಿಕ್ಕೆ ನಿಲ್ಲತಾರ, ಕೆಲವರು ಆಸೆ ಬಿಟ್ಟು ಮನೆಯಲ್ಲೇ ಕೂಡತಾರ. ಎರಡೂ ಬ್ಯಾಡ.

ಎಲುಬಿನೊಳಗೆ ಕೀವು ಮಾಡುವ ಸೋಂಕಿಗೆ ಆಸ್ಟಿಯೋಮೈಲೈಟಿಸ್ ಎನ್ನುತ್ತಾರೆ. ಮಕ್ಕಳಲ್ಲಿ ಹೆಚ್ಚಾಗಿ ಸ್ಟಾಫಿಲೊಕಾಕಸ್ ಎಂಬ ರೋಗಾಣು ರಕ್ತದ ಮೂಲಕ ಬಂದು ಉದ್ದ ಎಲುಬಿನ ತುದಿಯಲ್ಲಿ ನೆಲೆಸುತ್ತದೆ. 1921ರಲ್ಲಿ ಅಮೆರಿಕದ ಜೇಮ್ಸ್ ಯೂಯಿಂಗ್ ವಿವರಿಸಿದ ಎಲುಬಿನ ಕ್ಯಾನ್ಸರ್ ಕೂಡ ಮಕ್ಕಳು, ಹರೆಯದವರಲ್ಲೇ ಹೆಚ್ಚು. ಎರಡರಲ್ಲೂ ನೋವು, ಬಾವು, ಜ್ವರ ಇರಬಹುದು, ರಕ್ತಪರೀಕ್ಷೆಯಲ್ಲಿ ಇ.ಎಸ್.ಆರ್. ಏರಬಹುದು, ಎಕ್ಸ್-ರೇ ಸಹ ಒಂದೇ ತರಹ ಕಾಣಬಹುದು. ಸೋಂಕಿನ ಗುರುತು ಮೊದಲ 10-14 ದಿನ ಎಕ್ಸ್-ರೇಯಲ್ಲಿ ಕಾಣದೆಯೂ ಇರಬಹುದು.

ದೊಡ್ಡವರಲ್ಲಿ ಬೆನ್ನೆಲುಬಿನ ಟಿ.ಬಿ. ಹೀಗೇ ದಾರಿ ತಪ್ಪಿಸುತ್ತದೆ. ಕೆಮ್ಮು ಇರಲೇಬೇಕೆಂದಿಲ್ಲ. ಟಿ.ಬಿ. ಸಾಮಾನ್ಯವಾಗಿ ಅಕ್ಕಪಕ್ಕದ ಎರಡು ಎಲುಬನ್ನೂ ನಡುವಿನ ಮೆತ್ತೆಯನ್ನೂ ತಿನ್ನುತ್ತದೆ. ಬೇರೆಡೆಯಿಂದ ಹಬ್ಬಿದ ಕ್ಯಾನ್ಸರ್ ಮೆತ್ತೆಯನ್ನು ಬಹುಮಟ್ಟಿಗೆ ಉಳಿಸುತ್ತದೆ. ಇದು ಸುಳಿವು ಮಾತ್ರ, ತೀರ್ಪಲ್ಲ.

ತೀರ್ಪು ಕೊಡುವುದು ಬಯಾಪ್ಸಿ, ಅಂದರೆ ಎಲುಬಿನ ಚೂರು ತೆಗೆದು ಮಾಡುವ ಪರೀಕ್ಷೆ. ಅದನ್ನು ಮುಂದೆ ಆಪರೇಶನ್ ಮಾಡುವ ಆಸ್ಪತ್ರೆಯಲ್ಲೇ ಮಾಡಿಸುವುದು ಒಳ್ಳೆಯದು. ಒಂದು ಮಾತು ನೆನಪಿಡ್ರಿ: ಚೂರಿನ ಒಂದು ಪಾಲು ಫಾರ್ಮಲಿನ್‌ನಲ್ಲಿ ಕ್ಯಾನ್ಸರ್ ಪರೀಕ್ಷೆಗೆ ಹೋಗಬೇಕು, ಇನ್ನೊಂದು ಪಾಲು ಫಾರ್ಮಲಿನ್ ಹಾಕದೆ ರೋಗಾಣು ಪರೀಕ್ಷೆಗೆ ಹೋಗಬೇಕು. ಫಾರ್ಮಲಿನ್‌ನಲ್ಲಿ ರೋಗಾಣು ಸಾಯುತ್ತವೆ, ಆಮೇಲೆ ಬೆಳೆಸಲು ಬರುವುದಿಲ್ಲ. ‘ಎರಡಕ್ಕೂ ಕಳಿಸ್ಯಾರೇನ್ರಿ?’ ಅಂತ ಡಾಕ್ಟರರನ್ನು ಕೇಳಲಿಕ್ಕೆ ನಾಚಬ್ಯಾಡ್ರಿ.

ಟಿ.ಬಿ. ಎಂದಾದರೆ ಸರ್ಕಾರಿ ಔಷಧ ಉಚಿತ. ಎಲುಬಿಗೆ ಸಾಮಾನ್ಯವಾಗಿ 12ರಿಂದ 18 ತಿಂಗಳು ಬಿಡದೆ ನುಂಗಬೇಕು. ಪೌಷ್ಟಿಕ ಆಹಾರಕ್ಕೆಂದು 2018ರಲ್ಲಿ ಶುರುವಾದ ತಿಂಗಳ 500 ರೂಪಾಯಿ ನೆರವು 2024ರ ನವೆಂಬರಿನಿಂದ 1000 ಆಗಿದೆ. ಕ್ಯಾನ್ಸರ್ ಎಂದಾದರೂ ಕೈಚೆಲ್ಲಬೇಕಾಗಿಲ್ಲ. ಕಲಬುರಗಿಯಲ್ಲೇ ಕಿದ್ವಾಯಿ ಸಂಸ್ಥೆಯ ಕೇಂದ್ರವಿದೆ.

ವಾರಗಟ್ಟಲೆ ಇಳಿಯದ ಬಾವನ್ನು ತಿಕ್ಕಿಸಬ್ಯಾಡ್ರಿ, ಬರೆ ಹಾಕಿಸಬ್ಯಾಡ್ರಿ. ಬೆನ್ನುನೋವಿನ ಜೊತೆ ಕಾಲಿನ ಶಕ್ತಿ ಕುಂದಿದರೆ, ಮೂತ್ರ ಕಟ್ಟಿದರೆ ಅದೇ ದಿನ ದೊಡ್ಡಾಸ್ಪತ್ರೆಗೆ ಹೋಗಬೇಕು. ಒಬ್ಬರ ಕಷ್ಟಕ್ಕೆ ಹತ್ತು ಮಂದಿ ಹೆಗಲು ಕೊಡುವುದೇ ಸಹಕಾರ. ಓಣಿಯ ಸುದ್ದಿ ಹಬ್ಬಿಸುವ ಬದಲು ರೋಗಿಯ ಜೊತೆ ಆಸ್ಪತ್ರೆಗೆ ಒಬ್ಬರು ಹೋಗಿ ಬರ್ರಿ.