ಇಬ್ಬರಲ್ಲಿ ಒಬ್ಬ: ಗಾಲ್ಫ್ ಜೋಡಿಪಣದ ಲೆಕ್ಕ

(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಗಾಲ್ಫ್ ಆಟಕ್ಕೂ ನಮಗೂ ಏನು ನಂಟು ಎಂದು ಹಿರಿಯರು ಹುಬ್ಬೇರಿಸಬಹುದು. ನಮ್ಮಲ್ಲಿ ಯಾರೂ ಆ ಕೋಲು ಹಿಡಿದವರಲ್ಲ. ಆದರೆ ಕೆಲವು ತಿಂಗಳಿಂದ ನಮ್ಮ ತರುಣ ಸದಸ್ಯರು ಸೋಮವಾರದ ಪತ್ರಿಕೆ ಬಂದೊಡನೆ ಅಮೆರಿಕದ ಗಾಲ್ಫ್ ಫಲಿತಾಂಶವನ್ನು ಹುಡುಕುವುದನ್ನು ನಾವು ನೋಡುತ್ತಿದ್ದೇವೆ. ವಿಚಾರಿಸಿದಾಗ ತಿಳಿದದ್ದು ಇಷ್ಟು: "ಕುದುರೆ ಜೂಜಿನಲ್ಲಿ ಹತ್ತರಲ್ಲಿ ಒಂದನ್ನು ಆರಿಸಬೇಕು, ಇಲ್ಲಿ ಇಬ್ಬರೇ, ಅರ್ಧಕ್ಕರ್ಧ ಗೆಲುವು" ಎಂದು ಯಾರೋ ಮೊಬೈಲಿನಲ್ಲಿ ತೋರಿಸಿಕೊಟ್ಟಿದ್ದಾರೆ. ಈ 'ಅರ್ಧಕ್ಕರ್ಧ'ವನ್ನು ಗುಮಾಸ್ತರ ರೀತಿಯಲ್ಲಿ ತಾಳೆ ನೋಡೋಣವೆಂದು ಇಂದು ನಿಂತಿದ್ದೇವೆ.

ಮೊದಲು ಆಟ. ಚೆಂಡನ್ನು ಕುಳಿಗೆ ಸೇರಿಸಲು ಹೊಡೆತ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಒಂದು ಸುತ್ತಿಗೆ 18 ಕುಳಿ. ದೊಡ್ಡ ಪಂದ್ಯವೆಂದರೆ ಸಾಮಾನ್ಯವಾಗಿ ಗುರುವಾರದಿಂದ ಭಾನುವಾರದ ತನಕ ನಾಲ್ಕು ಸುತ್ತು, 72 ಕುಳಿ. ಎರಡು ಸುತ್ತಾದ ಮೇಲೆ ಹಿಂದೆ ಬಿದ್ದವರನ್ನು ಮನೆಗೆ ಕಳಿಸುತ್ತಾರೆ. ಅದಕ್ಕೆ 'ಕಟ್' ಎಂದು ಹೆಸರು. ಇದು ಬರಿಯ ಸಾಹುಕಾರರ ಆಟವೆನ್ನುವುದೂ ಪೂರ್ತಿ ಸರಿಯಲ್ಲ. ಆಟಗಾರರ ಚೀಲ ಹೊರುತ್ತಿದ್ದ ಬೆಂಗಳೂರಿನ ಮುನಿಯಪ್ಪನವರು 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಅದೇ ಊರಿನ ಅದಿತಿ ಅಶೋಕ್ ಅವರು 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯವರಾದರು. ಪದಕಕ್ಕೂ ಅವರಿಗೂ ನಾಲ್ಕು ದಿನದ ಆಟದ ಕೊನೆಗೆ ಉಳಿದ ಅಂತರ ಒಂದೇ ಒಂದು ಹೊಡೆತ. ಈ ಒಂದು ಹೊಡೆತದ ಮಾತು ಮುಂದೆ ಬೇಕಾಗುತ್ತದೆ.

ಇನ್ನು ಜೋಡಿಪಣ. ಪಣ ಕಟ್ಟಿಸಿಕೊಳ್ಳುವವನು ನೂರಾರು ಆಟಗಾರರಲ್ಲಿ ಹೆಚ್ಚುಕಡಿಮೆ ಸಮಬಲದ ಇಬ್ಬರನ್ನು ಹೆಕ್ಕಿ ಎದುರುಬದುರು ನಿಲ್ಲಿಸುತ್ತಾನೆ. ಪಂದ್ಯವನ್ನು ಬೇರೆ ಯಾರೇ ಗೆಲ್ಲಲಿ, ಇವರಿಬ್ಬರಲ್ಲಿ ಮುಂದೆ ಯಾರು ಎಂಬುದಷ್ಟೇ ಪ್ರಶ್ನೆ. ಒಬ್ಬ ಕಟ್‌ನಲ್ಲಿ ಹೊರಬಿದ್ದರೆ ಉಳಿದವನಿಗೆ ಗೆಲುವು. ಬ್ರಿಟನ್ನಿನಲ್ಲಿ ಪಣದ ಅಂಗಡಿಗಳು 1961ರಿಂದಲೂ ಕಾಯಿದೆಬದ್ಧವಾಗಿವೆ. ಅಮೆರಿಕದಲ್ಲಿ 1992ರ ನಿರ್ಬಂಧವನ್ನು ಅಲ್ಲಿಯ ಸುಪ್ರೀಂ ಕೋರ್ಟು 2018ರಲ್ಲಿ ತೆಗೆದುಹಾಕಿದ ಮೇಲೆ ಒಂದೊಂದೇ ರಾಜ್ಯ ಬಾಗಿಲು ತೆರೆಯಿತು.

ಈಗ ಲೆಕ್ಕ. ಅಮೆರಿಕದಲ್ಲಿ ಸಮಬಲದ ಜೋಡಿಗೆ ಸಾಮಾನ್ಯವಾದ ದರ, 110 ಕಟ್ಟಿದರೆ 100 ಲಾಭ. ರಾಮ ಒಬ್ಬನ ಮೇಲೆ 110 ಕಟ್ಟಿದ, ಭೀಮ ಮತ್ತೊಬ್ಬನ ಮೇಲೆ 110 ಕಟ್ಟಿದ ಎನ್ನೋಣ. ಪೆಟ್ಟಿಗೆಗೆ ಬಿದ್ದದ್ದು 220. ಗೆದ್ದವನಿಗೆ ಅಸಲೂ ಲಾಭವೂ ಸೇರಿ 210. ಉಳಿದ 10 ಯಾರದು? ಆಟವನ್ನೇ ನೋಡದವನದು! ನೂರು ಸಲ ಕಟ್ಟಿ ಐವತ್ತು ಸಲ ಗೆದ್ದರೆ 5,000 ಬರುತ್ತದೆ, 5,500 ಹೋಗುತ್ತದೆ. 52 ಸಲ ಗೆದ್ದರೂ 80 ಕೈಬಿಡುತ್ತದೆ. 53ನೆಯ ಗೆಲುವಿನಿಂದ ಮಾತ್ರ ಲಾಭದ ಮುಖ ಕಾಣುವುದು. ಅರ್ಧಕ್ಕರ್ಧವೆಂಬುದು ಸೋಲಿನ ಇನ್ನೊಂದು ಹೆಸರು ಎಂದಾಯಿತು.

ಮೂವರ ಗುಂಪಿನ ಪಣ ಇನ್ನೂ ಜಾಣತನದ್ದು. ಮೇಲೆ ಇಬ್ಬರು ಸಮನಾಗಿ ನಿಂತರೆ ನಿಮ್ಮ ಪಣದ ಅರ್ಧವನ್ನು ಸೋತದ್ದೆಂದು ಹಿಡಿದು, ಉಳಿದರ್ಧಕ್ಕೆ ಮಾತ್ರ ದರ ಕೊಡುವ ಪದ್ಧತಿಯುಂಟು. 100ಕ್ಕೆ ಅಸಲು ಸೇರಿ 275 ಎಂದು ಆಸೆಪಟ್ಟವನ ಕೈಗೆ ಬರುವುದು 137 ರೂಪಾಯಿ 50 ಪೈಸೆ. ಈ ನಿಯಮ ಎಲ್ಲೋ ಸಣ್ಣ ಅಕ್ಷರದಲ್ಲಿ ಇರುತ್ತದೆ.

"ನಾವು ಅಭ್ಯಾಸ ಮಾಡಿ ಕಟ್ಟುತ್ತೇವೆ" ಎಂದು ಒಬ್ಬ ಸದಸ್ಯರು ವಾದಿಸಿದರು. ಅಭ್ಯಾಸಕ್ಕೆ ಬೆಲೆಯಿಲ್ಲವೆಂದು ನಾವು ಹೇಳುವುದಿಲ್ಲ. ಕೊಲಂಬಿಯಾ ವಿಶ್ವವಿದ್ಯಾನಿಲಯದ ಮಾರ್ಕ್ ಬ್ರಾಡಿ ಎಂಬವರು ಪ್ರತಿಯೊಂದು ಹೊಡೆತವೂ ಸರಾಸರಿ ಆಟಗಾರನಿಗಿಂತ ಎಷ್ಟು ಉಳಿಸಿತು, ಎಷ್ಟು ಕಳೆಯಿತು ಎಂದು ಅಳೆಯುವ ಕ್ರಮವನ್ನು ಬೆಳೆಸಿದರು. ಅಮೆರಿಕದ ವೃತ್ತಿ ಸಂಸ್ಥೆ 2011ರಲ್ಲಿ ಅದನ್ನು ಮೊದಲು ಕುಳಿಯ ಬಳಿಯ ಮೆಲುಹೊಡೆತಗಳಿಗೆ ಅಳವಡಿಸಿತು. ದೂರದ ಹೊಡೆತದ ಬಲ ವಾರದಿಂದ ವಾರಕ್ಕೆ ಬಹುಮಟ್ಟಿಗೆ ನಿಲ್ಲುತ್ತದೆ, ಮೆಲುಹೊಡೆತದ ಅದೃಷ್ಟ ನಿಲ್ಲುವುದಿಲ್ಲ ಎಂಬುದು ಇದರಿಂದ ಕಂಡಿತು. ಸೊಗಸಾದ ವಿದ್ಯೆ. ಆದರೆ ದರ ಬರೆಯುವವನ ಮೇಜಿನ ಮೇಲೂ ಅದೇ ಅಂಕಿಗಳಿವೆ, ನಿಮಗಿಂತ ಮೊದಲೇ ಇವೆ. ಅದೆಲ್ಲವನ್ನೂ ಮೀರಿ ಸತತ ಗೆಲ್ಲುವವನು ಹುಟ್ಟಿದರೆ ಅವನ ಪಣಕ್ಕೆ ಮಿತಿ ಹಾಕುವುದು ಆ ವ್ಯಾಪಾರದ ರೂಢಿ. ಮತ್ತೆ, ಸಮಬಲದ ಇಬ್ಬರ ನಡುವೆ 72 ಕುಳಿಗಳಲ್ಲಿ ಒಂದು ಹೊಡೆತದ ವ್ಯತ್ಯಾಸ! ಗಾಳಿ ಒಮ್ಮೆ ಬೀಸಿದರೆ ಅಭ್ಯಾಸವೆಲ್ಲ ಹಾರಿತು.

ಗಿರಣಿಯವರಾದ ನಮಗೆ ಈ ಕಥೆ ಹೊಸದಲ್ಲ. ನ್ಯೂಯಾರ್ಕಿನ ಹತ್ತಿಯ ಧಾರಣೆ ಮುಂಬಯಿಗೆ ತಂತಿಯಲ್ಲಿ ಬರುತ್ತಿದ್ದ ಕಾಲದಲ್ಲಿ ಆ ಅಂಕಿಗಳ ಮೇಲೆ ಜೂಜು ನಡೆಯುತ್ತಿತ್ತು. 1961ರಲ್ಲಿ ಆ ಧಾರಣೆ ನಿಂತಿತು, ಜೂಜು ನಿಲ್ಲಲಿಲ್ಲ. ಮಡಕೆಯಿಂದ ಚೀಟಿ ಎತ್ತುವ ಮಟಕಾ ಹುಟ್ಟಿ ಗಿರಣಿಗಾಂವದ ಚಾಳುಗಳನ್ನು ಹೊಕ್ಕಿತು. ಎಷ್ಟು ಪಗಾರ ಊರಿನ ಮನೆ ಮುಟ್ಟದೆ ಅಲ್ಲೇ ಕರಗಿತೆಂಬುದನ್ನು ಇಲ್ಲಿ ಕುಳಿತ ಹಿರಿಯರನ್ನು ಕೇಳಿರಿ.

ಕಾಯಿದೆಯ ಮಾತೂ ಇರಲಿ. 2025ರ ಆಗಸ್ಟಿನಲ್ಲಿ ನಮ್ಮ ಪಾರ್ಲಿಮೆಂಟು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆ ಮಾಡಿತು. ಕೌಶಲವೋ ಅದೃಷ್ಟವೋ ಎಂಬ ಭೇದ ಅದರಲ್ಲಿಲ್ಲ. ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂಪಾಯಿವರೆಗೆ ದಂಡ. ಆಡಿ ಹಣ ಕಳೆದುಕೊಂಡವನನ್ನು ಅದು ಅಪರಾಧಿಯೆಂದು ಹಿಡಿಯುವುದಿಲ್ಲ. ಆದುದರಿಂದ ಈಗಾಗಲೇ ಸಿಕ್ಕಿಬಿದ್ದವರು ಅಂಜಿ ಸುಮ್ಮನಿರುವುದು ಬೇಡ. ರಾತ್ರಿ ಎಂಟರ ಮೇಲೆ ನಾವು ಇಲ್ಲಿಯೇ ಇರುತ್ತೇವೆ. ಹೆಸರು ಬರೆದುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ.

ಆಟದ ರುಚಿ ಹತ್ತಿದವರಿಗಾಗಿ ಪತ್ರಿಕೆಯ ಮೇಜಿನ ಮೇಲೆ ಒಂದು ನೋಟುಬುಕ್ಕನ್ನು ದಾರ ಕಟ್ಟಿ ಇರಿಸಿದ್ದೇವೆ. ಬುಧವಾರ ರಾತ್ರಿಯೊಳಗೆ ನಿಮ್ಮ ಜೋಡಿಯನ್ನೂ ಗೆಲ್ಲುವವನ ಹೆಸರನ್ನೂ ಬರೆಯಿರಿ. ಸೋಮವಾರ ತಾಳೆ ನೋಡಿ, ಗೆದ್ದರೆ 100 ಜಮೆ, ಸೋತರೆ 110 ಖರ್ಚು ಎಂದು ಕಾಗದದ ಮೇಲೆಯೇ ಹಾಕೋಣ. ನೂರು ಜೋಡಿ ತುಂಬಿದ ದಿನ ಮೊತ್ತ ಕೂಡಿಸಿ ಈ ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತೇವೆ. ಪೆನ್ಸಿಲು ಮಾತ್ರ ದಯವಿಟ್ಟು ಮನೆಗೆ ಒಯ್ಯಬೇಡಿರಿ.