ನಸುಕಿನ ನಾಲ್ಕು ಗಂಟೆಯ ಮದ್ದು



ರಾತ್ರಿ ಹತ್ತಾದರೆ ಮೆಲ್ಬರ್ನಿನ ನಮ್ಮ ಬಡಾವಣೆ ಕ್ಲೈಡ್ ನಾರ್ತ್‌ನಲ್ಲಿ ನಾಯಿ ಬೊಗಳಿದ್ದೂ ಕೇಳುವುದಿಲ್ಲ. ಊರಿಂದ ಅಪ್ಪ ಬಂದ ಮೇಲೆ ಮಾತ್ರ ನಸುಕಿನಲ್ಲಿ ಪಕ್ಕದ ಕೋಣೆಯಿಂದ ಒಂದು ಸದ್ದು ಬರತೊಡಗಿತು. ಹೋಗಿ ನೋಡಿದರೆ ಮಂಚದ ಅಂಚಿನಲ್ಲಿ ಕೂತಿದ್ದಾರೆ, ಎರಡೂ ಕೈ ಮೊಣಕಾಲಿಗೆ ಊರಿಕೊಂಡು. ಉಸಿರು ಬಿಟ್ಟಾಗಲೆಲ್ಲ ಎದೆಯೊಳಗೆ ಸುಯ್ ಸುಯ್. "ಹಗಲೆಲ್ಲ ಚೆನ್ನಾಗೇ ಇರ್ತೀನಪ್ಪ, ಈ ಹೊತ್ತಿಗೇ ಹಿಡ್ಕೊಳ್ಳುತ್ತೆ" ಎಂದರು.

ಈ ದಮ್ಮಿಗೆ, ಅಂದರೆ ಅಸ್ತಮಾಕ್ಕೆ, ರಾತ್ರಿಯ ಮೇಲೇಕೆ ಇಷ್ಟು ಪ್ರೀತಿ? 1698ರಲ್ಲೇ ಇಂಗ್ಲೆಂಡಿನ ವೈದ್ಯ ಜಾನ್ ಫ್ಲಾಯರ್ ಈ ಇರುಳ ಕಾಟವನ್ನು ಬರೆದಿಟ್ಟ, ಅವನಿಗೂ ದಮ್ಮಿತ್ತು. ಕಾರಣ ತಿಳಿದದ್ದು ಬಹಳ ತಡವಾಗಿ. ನಡುರಾತ್ರಿಯ ಹೊತ್ತಿಗೆ ದೇಹದ ಸ್ವಂತ ಸ್ಟೀರಾಯ್ಡ್ ಕಾರ್ಟಿಸಾಲ್ ಇಳಿಯುತ್ತದೆ, ಅಡ್ರಿನಲಿನ್ ಕೂಡ ಇಳಿಯುತ್ತದೆ. ನಾಲ್ಕರ ಸುಮಾರಿಗೆ ಶ್ವಾಸನಾಳ ಅತ್ಯಂತ ಕಿರಿದಾಗಿರುತ್ತದೆ.

ಮದ್ದಿನ ಕಥೆಯ ಒಂದು ತುದಿ ನಮ್ಮ ಹಿತ್ತಲಲ್ಲೇ ಇದೆ. ಉಮ್ಮತ್ತಿಯನ್ನು ಒಣಗಿಸಿ ಹೊಗೆ ಸೇದುವ ಪದ್ಧತಿ 1802ರಲ್ಲಿ ಮದರಾಸಿನಿಂದ ಬ್ರಿಟನ್ನಿಗೆ ಹೋಯಿತು. ಉಮ್ಮತ್ತಿ ವಿಷ, ದಯವಿಟ್ಟು ಯಾರೂ ಕೈ ಹಾಕಬೇಡಿ. 1860ರಲ್ಲಿ ಹೆನ್ರಿ ಸಾಲ್ಟರ್ ಎಂಬ ವೈದ್ಯ ದಮ್ಮಿನವರಿಗೆ ಗಟ್ಟಿ ಕಾಫಿ ಕುಡಿಯಿರೆಂದ. ಕಾಫಿಯ ಕೆಫೀನಿನ ದಾಯಾದಿ ಥಿಯೋಫಿಲಿನ್. 1888ರಲ್ಲಿ ಆಲ್ಬ್ರೆಕ್ಟ್ ಕಾಸೆಲ್ ಅದನ್ನು ಚಹಾ ಎಲೆಯಿಂದ ತೆಗೆದ. ಮುಂದೆ ಅದನ್ನೇ ನಿಧಾನವಾಗಿ ಕರಗುವ ಮಾತ್ರೆ ಮಾಡಿ ಮಲಗುವ ಮುಂಚೆ ಕೊಡತೊಡಗಿದರು. ರಾತ್ರಿಯೇನೋ ದಾಟುತ್ತಿತ್ತು, ಆದರೆ ಕೆಲವರಿಗೆ ಹೊಟ್ಟೆ ತೊಳಸುವುದು, ಎದೆ ಡವಡವ, ನಿದ್ದೆಯೇ ಇಲ್ಲ. ಅಪ್ಪನ ಸೂಟ್‌ಕೇಸಿನಲ್ಲಿ ಈಗಲೂ ಅದೇ ಥಿಯೋಫಿಲಿನ್ ಇರುವ ಡೆರಿಫಿಲ್ಲಿನ್ ಮಾತ್ರೆಯ ಪಟ್ಟಿ ಸಿಗುತ್ತದೆ.

1969ರಲ್ಲಿ ಇಂಗ್ಲೆಂಡಿನ ವೇರ್ ಊರಿನಿಂದ ಡೇವಿಡ್ ಜ್ಯಾಕ್ ಅವರ ತಂಡದ ಸಾಲ್ಬುಟಮಾಲ್ ಬಂತು. ನಾವು ಜೇಬಿನಲ್ಲಿ ಇಟ್ಟುಕೊಳ್ಳುವ ನೀಲಿ ಪಫ್ ಇದೇ. ಎಳೆದುಕೊಂಡ ಕೆಲವೇ ನಿಮಿಷಕ್ಕೆ ಉಸಿರು ಸಲೀಸು. ಆದರೆ ಅದರ ಆಯಸ್ಸು ನಾಲ್ಕರಿಂದ ಆರು ಗಂಟೆ. ಹತ್ತಕ್ಕೆ ಎಳೆದುಕೊಂಡು ಮಲಗಿದರೆ, ಕಾಟ ಶುರುವಾಗುವ ಹೊತ್ತಿಗೆ ಮದ್ದಿನ ಬಲ ಮುಗಿದಿರುತ್ತದೆ.

1988ರಲ್ಲಿ ಮಾರ್ಗರೆಟ್ ಟರ್ನರ್-ವಾರ್ವಿಕ್ ಬ್ರಿಟನ್ನಿನ 7,729 ಅಸ್ತಮಾ ರೋಗಿಗಳ ಸಮೀಕ್ಷೆ ಪ್ರಕಟಿಸಿದರು. ನೂರಕ್ಕೆ 74 ಮಂದಿ ವಾರಕ್ಕೊಮ್ಮೆಯಾದರೂ ರಾತ್ರಿ ಉಬ್ಬಸದಿಂದ ಏಳುತ್ತಿದ್ದರು. ತಮ್ಮದು ಸಣ್ಣ ದಮ್ಮು ಎಂದುಕೊಂಡವರೂ ಅದರಲ್ಲಿದ್ದರು.

ಎರಡು ವರ್ಷಕ್ಕೆ, 1990ರಲ್ಲಿ, ಅದೇ ವೇರ್‌ನಿಂದ ಸಾಲ್ಮೆಟೆರಾಲ್ ಬಂತು. ಸಾಲ್ಬುಟಮಾಲಿನ ತಲೆಗೆ ಉದ್ದನೆಯದೊಂದು ಬಾಲ ಜೋಡಿಸಿದ್ದರು. ಜಿಡ್ಡಿಗೆ ಅಂಟುವ ಬಾಲ. ಗೂಟಕ್ಕೆ ಕಟ್ಟಿದ ಹಸು ಸುತ್ತಲಿನ ಹುಲ್ಲನ್ನೇ ಮತ್ತೆ ಮತ್ತೆ ಮೇಯುವಂತೆ, ಈ ಮದ್ದು ಶ್ವಾಸನಾಳದಲ್ಲೇ ನಿಂತು ಹನ್ನೆರಡು ಗಂಟೆ ಕೆಲಸ ಮಾಡುತ್ತದೆ. ಜಪಾನಿನಲ್ಲಿ ಹುಟ್ಟಿದ ಫಾರ್ಮೊಟೆರಾಲ್ ಕೂಡ ಅಷ್ಟೇ ಹೊತ್ತು ನಿಲ್ಲುತ್ತದೆ, ಜೊತೆಗೆ ಬೇಗನೆ ಶುರುವಾಗುತ್ತದೆ.

ಕಥೆ ಇಲ್ಲಿಗೆ ಸುಖಾಂತ್ಯವಾಗಲಿಲ್ಲ. ಅಮೆರಿಕದಲ್ಲಿ 26,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಪರೀಕ್ಷೆಯನ್ನು 2003ರಲ್ಲಿ ನಿಲ್ಲಿಸಬೇಕಾಯಿತು. ಸಾಲ್ಮೆಟೆರಾಲ್ ಪಡೆದವರಲ್ಲಿ 13 ಮಂದಿ ಅಸ್ತಮಾದಿಂದ ಸತ್ತಿದ್ದರು, ಪಡೆಯದವರಲ್ಲಿ 3. ಕಿಟಕಿ ತೆರೆದರೆ ಹೊಗೆ ಹೋದೀತು, ಒಲೆ ಆರುವುದಿಲ್ಲ. ನಾಳ ಹಿಗ್ಗಿಸುವ ಮದ್ದು ಒಳಗಿನ ಊತವನ್ನು ಇಳಿಸುವುದಿಲ್ಲ. ಅದಕ್ಕೆ ಎಳೆದುಕೊಳ್ಳುವ ಸ್ಟೀರಾಯ್ಡೇ ಬೇಕು. ಸಿಡ್ನಿಯ ಆನ್ ವೂಲ್ಕಾಕ್ ಮತ್ತು ಸಂಗಡಿಗರು 1996ರಲ್ಲೇ ಸರಿಯಾದ ಜೋಡಿಯನ್ನು ತೋರಿಸಿದ್ದರು. ಸ್ಟೀರಾಯ್ಡ್ ತೆಗೆದುಕೊಂಡೂ ಉಬ್ಬಸ ನಿಲ್ಲದವರಿಗೆ, ಅದನ್ನು ಇಮ್ಮಡಿ ಮಾಡುವುದಕ್ಕಿಂತ ಜೊತೆಗೆ ಸಾಲ್ಮೆಟೆರಾಲ್ ಸೇರಿಸುವುದೇ ಮೇಲು. ಇಂದು ಎರಡೂ ಒಂದೇ ಇನ್ಹೇಲರಿನಲ್ಲಿವೆ. ದಮ್ಮಿನವರು ಬರೀ ದೀರ್ಘಕಾಲದ ಹಿಗ್ಗುಮದ್ದನ್ನು ಒಂಟಿಯಾಗಿ ಬಳಸಬಾರದು.

ನಮ್ಮ ಮೆಲ್ಬರ್ನಿನದೂ ಒಂದು ಪಾಠವಿದೆ. 2016ರ ನವೆಂಬರ್ 21ರ ಸಂಜೆ ಗುಡುಗುಗಾಳಿ ರೈಗ್ರಾಸ್ ಹುಲ್ಲಿನ ಪರಾಗವನ್ನು ಒಡೆದು ಊರ ಮೇಲೆ ಚೆಲ್ಲಿತು. ಸಾವಿರಾರು ಜನ ಆಸ್ಪತ್ರೆಗೆ ಓಡಿದರು, 10 ಮಂದಿ ತೀರಿಕೊಂಡರು. ತೊಂದರೆಗೊಳಗಾದವರಲ್ಲಿ ಭಾರತ ಮತ್ತು ಏಷ್ಯಾ ಮೂಲದವರ ಪಾಲು ಹೆಚ್ಚು. ತಮಗೆ ಅಸ್ತಮಾ ಇದೆಯೆಂದೇ ತಿಳಿಯದವರು, ಬರೀ ಮೂಗು ಸುರಿಯುತ್ತಿದ್ದವರು, ಎಷ್ಟೋ ಜನ. ಹುಲ್ಲುಗಾವಲಿನ ಪಕ್ಕದಲ್ಲೇ ಮನೆ ಕಟ್ಟಿಕೊಂಡ ನಾವು ಅದನ್ನು ಮರೆಯಬಾರದು.

ಕಳೆದ ತಿಂಗಳು ಅಪ್ಪನನ್ನು ಜಿಪಿ ಹತ್ತಿರ ಕರೆದೊಯ್ದೆ. ಬೆಳಗ್ಗೆ ಹನ್ನೊಂದು ಗಂಟೆ. ಹೇಗಿದ್ದೀರಿ ಎಂದರು ಡಾಕ್ಟರು. "ಪರವಾಗಿಲ್ಲ, ಚೆನ್ನಾಗಿದೀನಿ" ಅಂತ ಅಪ್ಪ. ಹನ್ನೊಂದು ಗಂಟೆಗೆ ಅದು ಸುಳ್ಳೂ ಅಲ್ಲ. ನಾನು ಬಾಯಿ ಹಾಕಿದೆ: "ವಾರಕ್ಕೆ ನಾಲ್ಕು ರಾತ್ರಿ ಎದ್ದು ಕೂರ್ತಾರೆ." ಡಾಕ್ಟರು ಪೆನ್ನು ಕೆಳಗಿಟ್ಟು ಅಪ್ಪನ ಕಡೆ ಪೂರ್ತಿ ತಿರುಗಿದರು. ಮದ್ದು ಬದಲಾದದ್ದು ಆಮೇಲೆ.

ನಿಮ್ಮ ಮನೆಯ ಹಿರಿಯರೂ ಪರವಾಗಿಲ್ಲ ಎಂದೇ ಹೇಳುತ್ತಾರೆ. ರಾತ್ರಿಗಳನ್ನು ನೀವು ಎಣಿಸಿಟ್ಟುಕೊಳ್ಳಿ.